ಟೋಕಿಯೊದ ದಿನನಿತ್ಯದ ಬದುಕನ್ನು ಹತ್ತಿರದಿಂದ ಕಾಣುವುದು ಹೇಗೆ: ಒಂದು ಬಡಾವಣೆ, ಏಳು ಹಂತ

ಟೋಕಿಯೊಗೆ ಹೋಗಿ ಬಂದ ನಮ್ಮವರಲ್ಲಿ ಬಹಳ ಮಂದಿ ಒಂದೇ ಕಡೆ ಎಡವುತ್ತಾರೆ. ಅಸಾಕುಸಾ, ಶಿಬುಯಾ, ಶಿಂಜುಕು ಮುಗಿಸಿದ ಮೇಲೆ ‘ಊರಿನ ನಿಜವಾದ ಬದುಕು ನೋಡೋಣ’ ಎಂದು ಒಂದು ದಿನ ಮೀಸಲಿಡುತ್ತಾರೆ. ಯಾರೋ ಮಾಡಿಟ್ಟ ‘ಪ್ರವಾಸಿಗರಿಗೆ ತಿಳಿಯದ ಹತ್ತು ಜಾಗ’ಗಳ ಪಟ್ಟಿ ಹಿಡಿದು ಬೆಳಗಿನಿಂದ ರಾತ್ರಿಯವರೆಗೆ ರೈಲು ಬದಲಿಸುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಹೋದ ಸಾರ್ವಜನಿಕ ಸ್ನಾನಗೃಹದ ಬಾಗಿಲು ಮಧ್ಯಾಹ್ನದವರೆಗೂ ತೆರೆಯುವುದಿಲ್ಲ. ರಾತ್ರಿ ಎಂಟಕ್ಕೆ ಹೋದ ಪೇಟೆಬೀದಿ ಆಗಲೇ ಷಟರ್ ಎಳೆದಿರುತ್ತದೆ. ಊಟಕ್ಕೆ ಕುಳಿತಾಗ ಸಾರಿನಲ್ಲಿ ಮೀನಿದೆ ಎಂದು ತಿಳಿಯುತ್ತದೆ. ಕೈಯಲ್ಲಿ ಉಳಿಯುವುದು ಫೋಟೊ ಮತ್ತು ಕಾಲುನೋವು.

ಇಲ್ಲಿ ಕೆಡುವುದು ಕ್ರಮ. ಮೊದಲು ಒಂದು ಬಡಾವಣೆ, ಆಮೇಲೆ ಅದರ ಹೊತ್ತು, ಆಮೇಲೆ ಅಲ್ಲಿನ ರೀತಿನೀತಿ, ಕಡೆಗೆ ಅದೇ ಜಾಗಕ್ಕೆ ಮತ್ತೊಮ್ಮೆ, ಮಗದೊಮ್ಮೆ. ಈ ಕ್ರಮದಲ್ಲಿ ನಡೆದರೆ ನಾಲ್ಕು ದಿನದಲ್ಲಿಯೂ ಊರು ಸ್ವಲ್ಪ ತೆರೆದುಕೊಳ್ಳುತ್ತದೆ. ಕ್ರಮ ತಪ್ಪಿದರೆ ತಿಂಗಳಿದ್ದರೂ ಹೊರಗೇ ಉಳಿಯುತ್ತೀರಿ.

## ಹೊರಡುವ ಮೊದಲು ಜೊತೆಗಿರಬೇಕಾದದ್ದು

ಸುಯಿಕಾ ಅಥವಾ ಪಾಸ್ಮೊ ಕಾರ್ಡ್ ಮೊದಲು ಮಾಡಿಸಿಕೊಳ್ಳಿ. ರೈಲು, ಬಸ್, ಟ್ರಾಮ್, ಅಂಗಡಿ ಎಲ್ಲಕ್ಕೂ ಅದೇ ನಡೆಯುತ್ತದೆ. ವಿಮಾನ ನಿಲ್ದಾಣದಲ್ಲಿ ಪ್ರವಾಸಿಗರಿಗೆಂದೇ 28 ದಿನ ನಡೆಯುವ ‘ವೆಲ್‌ಕಮ್ ಸುಯಿಕಾ’ ಸಿಗುತ್ತದೆ. ಅದರಲ್ಲಿ ಉಳಿದ ಹಣ ಮರಳಿ ಬರುವುದಿಲ್ಲ, ಹಾಗಾಗಿ ಒಮ್ಮೆಗೇ ಹೆಚ್ಚು ತುಂಬಬೇಡಿ.

ನಗದು ಬೇಕೇ ಬೇಕು. ನೀವು ಹೋಗಬೇಕಾದ ಅಂಗಡಿಗಳು ಸಣ್ಣವು, ಹಳೆಯವು. ಅವುಗಳಲ್ಲಿ ಎಷ್ಟೋ ಕಡೆ ಕಾರ್ಡ್ ನಡೆಯುವುದಿಲ್ಲ. 100 ಯೆನ್ ನಾಣ್ಯಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಒಂದು ತೆಳು ಟವೆಲ್, ಒಂದು ಕರವಸ್ತ್ರ (ಸಾರ್ವಜನಿಕ ಶೌಚಾಲಯಗಳಲ್ಲಿ ಕೈ ಒರೆಸುವ ಕಾಗದ ಇರುವುದು ಅಪರೂಪ), ಕಸ ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಚೀಲ. ಟೋಕಿಯೊದ ಬೀದಿಗಳಲ್ಲಿ ಕಸದ ತೊಟ್ಟಿ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಕಸ ನಿಮ್ಮ ಜೊತೆಗೇ ಮನೆಗೆ ಬರಬೇಕು. ಬೂಟುಗಳಿಗೆ ಲೇಸ್ ಬೇಡ. ದಿನಕ್ಕೆ ಹಲವು ಸಲ ಬಿಚ್ಚಿ ಹಾಕಬೇಕಾಗುತ್ತದೆ. ಸಾಕ್ಸ್ ತೂತಾಗಿದ್ದರೆ ಊರಿನಲ್ಲಿಯೇ ಬಿಟ್ಟು ಬನ್ನಿ.

ಮೊಬೈಲ್‌ನಲ್ಲಿ ಕ್ಯಾಮೆರಾ ಹಿಡಿದರೆ ಅಕ್ಷರ ಓದಿ ಹೇಳುವ ಅನುವಾದ ಆ್ಯಪ್ ಹಾಕಿಕೊಂಡು ಜಪಾನಿ ಭಾಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಸಸ್ಯಾಹಾರಿಗಳು ತಾವು ತಿನ್ನದ ವಸ್ತುಗಳನ್ನು ಜಪಾನಿಯಲ್ಲಿ ಬರೆಸಿದ ಚೀಟಿಯೊಂದನ್ನು ಜೇಬಿನಲ್ಲಿ ಇಡಲಿ. ಅದರಲ್ಲಿ ಏನಿರಬೇಕು ಎನ್ನುವುದು ನಾಲ್ಕನೆಯ ಹಂತದಲ್ಲಿದೆ.

## ಹಂತ 1: ಒಂದೇ ಬಡಾವಣೆಯನ್ನು ಆರಿಸಿ

ಟೋಕಿಯೊದ ಒಳನಗರವೆಂದರೆ 23 ವಾರ್ಡುಗಳು. ಒಂದೊಂದಕ್ಕೂ ಚುನಾಯಿತ ಮೇಯರ್ ಇದ್ದಾರೆ, ಕಚೇರಿಯಿದೆ, ಗ್ರಂಥಾಲಯಗಳಿವೆ. ಇಡೀ ಊರನ್ನು ಅರಿಯುತ್ತೇನೆಂದು ಹೊರಡಬೇಡಿ. ಒಂದು ರೈಲು ನಿಲ್ದಾಣದ ಸುತ್ತ ಕಾಲ್ನಡಿಗೆಯಲ್ಲಿ ಹದಿನೈದು ನಿಮಿಷದ ವ್ಯಾಪ್ತಿ ಸಾಕು.

ಆಯ್ಕೆಗೆ ಮೂರು ಗುರುತುಗಳನ್ನು ನೋಡಿ. ನಿಲ್ದಾಣದ ಪಕ್ಕ ‘ಶೋತೆನ್‌ಗಾಯ್’ ಇರಬೇಕು, ಅಂದರೆ ಸಣ್ಣ ಅಂಗಡಿಗಳ ಸಾಲುಬೀದಿ. ನಡೆದು ಹೋಗುವಷ್ಟು ದೂರದಲ್ಲಿ ‘ಸೆಂಟೊ’ ಇರಬೇಕು, ಅಂದರೆ ಸಾರ್ವಜನಿಕ ಸ್ನಾನಗೃಹ. ನಕ್ಷೆಯಲ್ಲಿ ಬಟ್ಟಲಿನಿಂದ ಮೂರು ಎಳೆ ಹಬೆ ಏಳುವ ಗುರುತಿದ್ದರೆ ಅದು ಸ್ನಾನದ ಜಾಗ. ಮೂರನೆಯದು, ಜನ ಬೆಳಿಗ್ಗೆ ಸೇರುವ ಒಂದು ಉದ್ಯಾನ.

ನನ್ನನ್ನು ಕೇಳಿದರೆ ಮೊದಲ ಸಲ ಹೋಗುವವರು ಓತ್ಸುಕಾದಲ್ಲಿ ತಂಗುವುದು ಒಳ್ಳೆಯದು. ಊರನ್ನು ಸುತ್ತುವ ಯಾಮಾನೊತೆ ರೈಲುಮಾರ್ಗದಲ್ಲಿ ಅದೊಂದು ನಿಲ್ದಾಣ, ಜೊತೆಗೆ ತೋದೆನ್ ಅರಕಾವಾ ಟ್ರಾಮ್ ಕೂಡ ಅಲ್ಲಿಯೇ ಹಾದು ಹೋಗುತ್ತದೆ. ಕೀತಾ ವಾರ್ಡಿನ ಜೂಜೊ, ಶಿನಾಗಾವಾ ವಾರ್ಡಿನ ತೊಗೊಶಿ ಗಿಂಜಾ (ಸುಮಾರು 1.3 ಕಿಲೊಮೀಟರ್ ಉದ್ದದ ಅಂಗಡಿಬೀದಿ), ಕೋತೊ ವಾರ್ಡಿನ ಸುನಾಮಾಚಿ ಗಿಂಜಾ, ಇವೂ ಚೆನ್ನಾಗಿವೆ. ಸುನಾಮಾಚಿಗೆ ನಿಲ್ದಾಣ ಪಕ್ಕದಲ್ಲಿಲ್ಲ, ಬಸ್ಸಿನಲ್ಲಿ ಹೋಗಬೇಕು. ಅಲ್ಲಿಗೆ ಪ್ರವಾಸಿಗರು ಕಡಿಮೆ ಬರುವುದಕ್ಕೆ ಅದೂ ಒಂದು ಕಾರಣ.

ಸಾಮಾನ್ಯ ತಪ್ಪು: ಯಾನಾಕಾ ಗಿಂಜಾವನ್ನೇ ‘ಹಳೆಯ ಟೋಕಿಯೊ’ ಎಂದು ಆರಿಸುವುದು. ಬೀದಿ ಸುಂದರವಾಗಿದೆ, ನಿಜ. ಆದರೆ ಈಗ ವಾರಾಂತ್ಯದಲ್ಲಿ ಅಲ್ಲಿ ಕೊಳ್ಳುವವರಿಗಿಂತ ಫೋಟೊ ತೆಗೆಯುವವರು ಹೆಚ್ಚು. ಒಂದು ಬೀದಿ ಇನ್ನೂ ನಿವಾಸಿಗಳದ್ದೇ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ: ಅಲ್ಲಿ ಔಷಧಿ ಅಂಗಡಿ, ತೋಫು ಅಂಗಡಿ, ಬಟ್ಟೆ ಒಗೆದುಕೊಡುವ ಅಂಗಡಿ ಇವೆಯೇ ನೋಡಿ. ಸ್ಮರಣಿಕೆ ಮತ್ತು ಐಸ್‌ಕ್ರೀಂ ಮಾತ್ರ ಕಂಡರೆ ಮುಂದೆ ನಡೆಯಿರಿ.

## ಹಂತ 2: ಮೊದಲ ಸಂಜೆ ನಡೆಯುವುದಷ್ಟೇ ಕೆಲಸ

ಸಾಮಾನು ಇಳಿಸಿ ಸಂಜೆ ನಾಲ್ಕೂವರೆಗೆ ಹೊರಗೆ ಬನ್ನಿ. ಏನನ್ನೂ ಕೊಳ್ಳಬೇಕಿಲ್ಲ, ಯಾರನ್ನೂ ಮಾತನಾಡಿಸಬೇಕಿಲ್ಲ. ಬಡಾವಣೆಯ ಹೊತ್ತನ್ನು ಅರಿಯುವುದೇ ಈ ನಡಿಗೆಯ ಉದ್ದೇಶ.

ಟೋಕಿಯೊದ ಬಹುತೇಕ ವಾರ್ಡುಗಳಲ್ಲಿ ಸಂಜೆ ಐದರ ಸುಮಾರಿಗೆ ಕಂಬಗಳ ಮೇಲಿನ ಧ್ವನಿವರ್ಧಕಗಳಿಂದ ಮಕ್ಕಳ ಹಾಡಿನ ರಾಗವೊಂದು ಬರುತ್ತದೆ. ಚಳಿಗಾಲದಲ್ಲಿ ಕೆಲವೆಡೆ ನಾಲ್ಕೂವರೆಗೇ ನುಡಿಸುತ್ತಾರೆ. ಭೂಕಂಪ, ಪ್ರವಾಹಗಳ ಎಚ್ಚರಿಕೆ ಕೊಡುವ ವ್ಯವಸ್ಥೆ ಕೆಟ್ಟಿಲ್ಲವೆಂದು ದಿನವೂ ಪರೀಕ್ಷಿಸುವ ಬಗೆ ಅದು. ಮಕ್ಕಳಿಗೆ ಅದೇ ಮನೆಗೆ ಮರಳುವ ಗಂಟೆ. ಗಾಬರಿಯಾಗಬೇಡಿ. ಆಗ ಒಂದು ಆಟದ ಮೈದಾನದ ಹತ್ತಿರ ಇದ್ದರೆ ಚೆಂಡು ಎತ್ತಿಕೊಂಡು ಸೈಕಲ್ ಹತ್ತುವ ಮಕ್ಕಳನ್ನು ಕಾಣುತ್ತೀರಿ. ಅದರ ಹಿಂದೆಯೇ ಅಂಗಡಿಬೀದಿ ತುಂಬುತ್ತದೆ, ಏಳರ ಹೊತ್ತಿಗೆ ತೆಳುವಾಗುತ್ತದೆ.

ನಡೆಯುವಾಗ ಮೂರು ವಿಷಯ ಬರೆದುಕೊಳ್ಳಿ. ಒಂದು, ಸೆಂಟೊ ತೆರೆಯುವ ಹೊತ್ತು ಮತ್ತು ಅದರ ವಾರದ ರಜೆ. ಬಾಗಿಲ ಬಳಿಯ ಹಲಗೆಯಲ್ಲಿ ಇರುತ್ತದೆ, ಕ್ಯಾಮೆರಾದಿಂದ ಓದಿಸಿ. ಎರಡು, ‘ಕೋಬಾನ್’ ಎಲ್ಲಿದೆ ಎನ್ನುವುದು. ಅದು ಮೂಲೆಯ ಪುಟ್ಟ ಪೊಲೀಸ್ ಚೌಕಿ. ದಾರಿ ಕೇಳಲು, ಕಳೆದುಹೋದ ವಸ್ತು ವಿಚಾರಿಸಲು ಅಲ್ಲಿಗೇ ಹೋಗಬೇಕು, ಹಿಂಜರಿಕೆ ಬೇಡ. ಮೂರು, ಬಡಾವಣೆಯ ನಿವಾಸಿಗಳ ಸಂಘದ ಸೂಚನಾ ಫಲಕ. ಬೀದಿಯ ತಿರುವಿನಲ್ಲಿ ಕಾಲೂರಿ ನಿಂತ ಹಲಗೆ, ಮೇಲೆ ಕೆಲವು ಕಾಗದಗಳು. ಪ್ರವಾಸಿಗರಲ್ಲಿ ಇದನ್ನು ಓದುವವರನ್ನು ನಾನು ಕಂಡಿಲ್ಲ, ಆದರೆ ಊರಿನ ಜೀವ ಅಲ್ಲಿಯೇ ಇದೆ: ಹಳೆಯ ಸಾಮಾನಿನ ಸಂತೆ, ಅಗ್ನಿಶಾಮಕ ತಾಲೀಮು, ದೇಗುಲದ ಹಬ್ಬ, ಮಕ್ಕಳ ಕಾರ್ಯಕ್ರಮ, ಎಲ್ಲಕ್ಕೂ ದಿನಾಂಕ ಸಮೇತ ಸೂಚನೆ. ಫೋಟೊ ತೆಗೆದು ಕೋಣೆಯಲ್ಲಿ ಕುಳಿತು ಓದಿಸಿಕೊಳ್ಳಿ. ನಿಮ್ಮ ಮುಂದಿನ ದಿನಗಳ ಯೋಜನೆ ಅದರಿಂದಲೇ ಹುಟ್ಟಲಿ.

ಎಚ್ಚರಿಕೆ: ಮನೆಗಳ ನಡುವಿನ ಕಿರಿದಾದ ಓಣಿಗಳಲ್ಲಿ ಹೂಕುಂಡಗಳ ಸಾಲು ಕಂಡೊಡನೆ ಕ್ಯಾಮೆರಾ ಎತ್ತಬೇಡಿ. ಕುಂಡಗಳಿರುವಲ್ಲಿಂದ ಒಳಗೆ ಅದು ಬೀದಿಗಿಂತ ಅಂಗಳವೇ ಹೆಚ್ಚು. ಮುಂದೆ ದಾರಿಯಿಲ್ಲದ ಓಣಿಯಾದರೆ ಒಳಗೆ ಹೋಗದಿರುವುದೇ ಸರಿ.

## ಹಂತ 3: ಬೆಳಗನ್ನು ಬಿಡಬೇಡಿ

ಪ್ರವಾಸಿಗರು ಕಳೆದುಕೊಳ್ಳುವುದು ಬೆಳಗಿನ ಹೊತ್ತನ್ನು. ಭಾರತಕ್ಕಿಂತ ಜಪಾನಿನ ಗಡಿಯಾರ ಮೂರೂವರೆ ಗಂಟೆ ಮುಂದಿದೆ, ಹಾಗಾಗಿ ಮೊದಲ ದಿನಗಳಲ್ಲಿ ಏಳುವುದು ಕಷ್ಟವೇ. ಆದರೂ ಒಂದು ದಿನ ಆರು ಗಂಟೆಗೆ ಎದ್ದು ಉದ್ಯಾನಕ್ಕೆ ಹೋಗಿ.

ಆರೂವರೆಗೆ ಸರಿಯಾಗಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ರೇಡಿಯೊದಲ್ಲಿ ಹತ್ತು ನಿಮಿಷದ ವ್ಯಾಯಾಮ ಕಾರ್ಯಕ್ರಮ ಬರುತ್ತದೆ. ಹೆಸರು ‘ರೇಡಿಯೊ ತೈಸೊ’, ಶುರುವಾದದ್ದು 1928ರಲ್ಲಿ. ಒಬ್ಬರು ರೇಡಿಯೊ ತಂದು ಬೆಂಚಿನ ಮೇಲೆ ಇಡುತ್ತಾರೆ. ಪಿಯಾನೊ ಶುರುವಾಗುವ ಮುನ್ನವೇ ಜನ ತಮ್ಮ ತಮ್ಮ ಜಾಗದಲ್ಲಿ ನಿಂತಿರುತ್ತಾರೆ, ಹೆಚ್ಚಿನವರು ಹಿರಿಯರು. ನೀವು ಹಿಂದಿನ ಸಾಲಿನಲ್ಲಿ ನಿಂತು ಮುಂದಿನವರನ್ನು ನೋಡಿಕೊಂಡು ಕೈಕಾಲು ಆಡಿಸಿದರೆ ಸಾಕು. ಹೆಸರು ಬರೆಸಬೇಕಿಲ್ಲ, ಹಣವಿಲ್ಲ, ಯಾರೂ ಪ್ರಶ್ನಿಸುವುದಿಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳೂ ಬರುತ್ತಾರೆ. ಕೊರಳಿಗೆ ನೇತುಹಾಕಿಕೊಂಡ ಕಾರ್ಡಿಗೆ ದಿನಕ್ಕೊಂದು ಮುದ್ರೆ ಹಾಕಿಸಿಕೊಳ್ಳುವುದು ಅವರ ಪಾಲಿನ ಹಬ್ಬ.

ಬಂದ ಕೂಡಲೇ ‘ಒಹಾಯೊ ಗೊಜಾಯ್‌ಮಾಸ್’ ಎನ್ನಿ. ಮುಗಿದ ಮೇಲೆ ತಲೆ ಬಾಗಿಸಿ ಹೊರಡಿ. ಎರಡನೆಯ ದಿನವೂ ಹೋದರೆ ಯಾರಾದರೂ ನೀವು ಯಾವ ದೇಶದವರೆಂದು ಕೇಳುವ ಸಾಧ್ಯತೆ ಇದೆ. ಮೊದಲ ದಿನ ಕೇಳುವುದಿಲ್ಲ. ಇದನ್ನು ನೆನಪಿಡಿ, ಮುಂದಿನ ಎಲ್ಲ ಹಂತಗಳಿಗೂ ಇದೇ ನಿಯಮ.

ಅಲ್ಲಿಂದ ಕಾಫಿಗೆ ‘ಕಿಸ್ಸಾತೆನ್’ ಹುಡುಕಿ. ಸರಣಿ ಅಂಗಡಿ ಬೇಡ. ಗಾಜಿನ ಕಪಾಟಿನಲ್ಲಿ ಪ್ಲಾಸ್ಟಿಕ್ ತಿಂಡಿಗಳ ಮಾದರಿ ಇಟ್ಟಿರುವ, ಒಬ್ಬರೋ ಇಬ್ಬರೋ ನಡೆಸುವ ಹಳೆಯ ಕಾಫಿಮನೆ ಅದು. ಬೆಳಿಗ್ಗೆ ‘ಮೋನಿಂಗು’ ಎಂದು ಕೇಳಿದರೆ ಕಾಫಿ, ದಪ್ಪ ಟೋಸ್ಟ್, ಬೇಯಿಸಿದ ಮೊಟ್ಟೆ ಬರುತ್ತವೆ. ಮೊಟ್ಟೆ ತಿನ್ನದವರು ಟೋಸ್ಟ್ ಮತ್ತು ಕಾಫಿಯನ್ನೇ ಕೇಳಬಹುದು. ದಿನಪತ್ರಿಕೆ ಓದುವವರ ನಡುವೆ ಸುಮ್ಮನೆ ಅರ್ಧ ಗಂಟೆ ಕುಳಿತುಕೊಳ್ಳಿ. ಲ್ಯಾಪ್‌ಟಾಪ್ ತೆರೆಯಬೇಡಿ, ಫೋನಿನಲ್ಲಿ ಮಾತನಾಡಬೇಡಿ. ಇಂಥ ಕೆಲವು ಕಡೆ ಈಗಲೂ ಧೂಮಪಾನಕ್ಕೆ ಅವಕಾಶವಿದೆ. ಹೊಗೆ ಆಗದವರು ಬಾಗಿಲ ಮೇಲಿನ ಚೀಟಿ ನೋಡಿ ಒಳಗೆ ಹೋಗಲಿ.

ಏಳೂವರೆಯಿಂದ ಒಂಬತ್ತರವರೆಗೆ ರೈಲು ಹತ್ತಬೇಡಿ. ಹತ್ತಲೇಬೇಕಾದರೆ ಬೆನ್ನಚೀಲವನ್ನು ಎದೆಯ ಕಡೆಗೆ ತಿರುಗಿಸಿಕೊಳ್ಳಿ. ಅನೇಕ ಮಾರ್ಗಗಳಲ್ಲಿ ಆ ಹೊತ್ತಿಗೆ ಮಹಿಳೆಯರಿಗೆ ಮೀಸಲಾದ ಬೋಗಿ ಇರುತ್ತದೆ. ಪ್ಲಾಟ್‌ಫಾರ್ಮಿನ ನೆಲದ ಮೇಲೆ ಗುಲಾಬಿ ಬಣ್ಣದ ಗುರುತು ಕಂಡರೆ ಗಂಡಸರು ಬೇರೆ ಬಾಗಿಲಿಗೆ ಹೋಗಬೇಕು.

## ಹಂತ 4: ಅಂಗಡಿಬೀದಿ ಮತ್ತು ಹೊಟ್ಟೆಯ ಪ್ರಶ್ನೆ

ಅಂಗಡಿಬೀದಿಗೆ ಸಂಜೆ ನಾಲ್ಕರಿಂದ ಆರರ ನಡುವೆ ಹೋಗಿ. ಒಂದೊಂದು ಅಂಗಡಿಯಲ್ಲಿ ಒಂದೊಂದು ಸಣ್ಣ ವಸ್ತು ಕೊಳ್ಳಿ: ಇಲ್ಲಿ ಒಂದು ಸೇಬು, ಅಲ್ಲಿ ಒಂದು ಸಿಹಿ. ವಸ್ತುವಿನತ್ತ ಕೈ ತೋರಿಸಿ ‘ಕೊರೆ ಒ ಹಿತೊತ್ಸು ಕುದಾಸಾಯ್’ (ಇದು ಒಂದು ಕೊಡಿ) ಎಂದರೆ ಕೆಲಸವಾಗುತ್ತದೆ. ಹಣವನ್ನು ಕೈಗೆ ಕೊಡದೆ ಮುಂದಿನ ಪುಟ್ಟ ತಟ್ಟೆಯಲ್ಲಿ ಇಡಿ. ಚೌಕಾಸಿ ಇಲ್ಲ, ಟಿಪ್ಸ್ ಇಲ್ಲ. ಹಣ್ಣು ತರಕಾರಿಯನ್ನು ಒತ್ತಿ ನೋಡುವ ನಮ್ಮ ಅಭ್ಯಾಸವನ್ನು ಅಲ್ಲಿ ಬಿಟ್ಟುಬಿಡಿ.

ಕೊಂಡದ್ದನ್ನು ನಡೆಯುತ್ತಾ ತಿನ್ನಬೇಡಿ. ಅಂಗಡಿಯ ಮುಂದೆಯೇ ಪಕ್ಕಕ್ಕೆ ನಿಂತು ತಿಂದು, ಕಾಗದವನ್ನು ಅಂಗಡಿಯವರು ಕೈ ಚಾಚಿದರೆ ಕೊಡಿ, ಇಲ್ಲವಾದರೆ ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ.

ಈಗ ಸಸ್ಯಾಹಾರದ ವಿಚಾರ. ನಮ್ಮವರು ಅತಿ ಹೆಚ್ಚು ಸೋಲುವುದು ಇಲ್ಲಿಯೇ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಜಪಾನಿನಲ್ಲಿ ‘ಮಾಂಸ ಬೇಡ’ ಎಂದರೆ ದನ, ಹಂದಿ, ಕೋಳಿ ಬೇಡ ಎಂದಷ್ಟೇ ತಿಳಿಯುತ್ತಾರೆ. ಅಡುಗೆಯ ತಳದಲ್ಲಿರುವುದು ‘ದಾಶಿ’ ಎಂಬ ಸಾರು. ಅದನ್ನು ಹೆಚ್ಚಾಗಿ ಒಣಗಿಸಿ ಹೆರೆದ ‘ಕಾತ್ಸುಒ’ ಮೀನಿನಿಂದ ತೆಗೆಯುತ್ತಾರೆ. ಮಿಸೊ ಸಾರು, ಸೊಬಾ ಮತ್ತು ಉದೊನ್ ಶಾವಿಗೆಯ ಸಾರು, ಬೇಯಿಸಿದ ತರಕಾರಿ, ಕಡೆಗೆ ನಾತ್ತೊ (ಹುದುಗಿಸಿದ ಸೋಯಾಕಾಳು) ಪೊಟ್ಟಣದೊಳಗಿನ ಪುಟ್ಟ ಸಾಸ್‌ನಲ್ಲಿಯೂ ಅದು ಇರುತ್ತದೆ. ಕಣ್ಣಿಗೆ ತರಕಾರಿ ಮಾತ್ರ ಕಂಡರೂ ನಂಬಬೇಡಿ.

ಮಾಂಸದ ಅಂಗಡಿಯವರು ಕರಿದು ಮಾರುವ ಆಲೂಗಡ್ಡೆ ‘ಕೊರೊಕ್ಕೆ’ ಇನ್ನೊಂದು ಬಲೆ. ಒಳಗೆ ಕೈಮಾ ಬೆರೆತಿರುತ್ತದೆ, ಕರಿಯುವುದೂ ಎಷ್ಟೋ ಕಡೆ ಹಂದಿಯ ಕೊಬ್ಬಿನಲ್ಲಿ. ಜೆಲ್ಲಿಯಂಥ ಸಿಹಿಗಳಲ್ಲಿ ಜೆಲಾಟಿನ್ ಇರಬಹುದು. ಅದರ ಬದಲು ‘ಅನ್‌ಮಿತ್ಸು’ ಕೇಳಿ, ಅದರ ಜೆಲ್ಲಿಯನ್ನು ಸಮುದ್ರಪಾಚಿಯಿಂದ ಮಾಡುತ್ತಾರೆ. ಮೇಲೆ ಐಸ್‌ಕ್ರೀಂ ಹಾಕಿದ್ದು ಬೇಡವಾದರೆ ಮೊದಲೇ ತಿಳಿಸಿ.

ಧೈರ್ಯವಾಗಿ ತಿನ್ನಬಹುದಾದವು: ಅಕ್ಕಿಹಿಟ್ಟಿನೊಳಗೆ ಸಿಹಿ ಹೂರಣ ತುಂಬಿದ ‘ದಾಯಿಫುಕು’, ಚಳಿಗಾಲದ ಸುಟ್ಟ ಗೆಣಸು ‘ಯಾಕಿಇಮೊ’, ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾಕಾಯಿ ‘ಎದಾಮಾಮೆ’, ಉಪ್ಪಷ್ಟೇ ಹಾಕಿದ ಅನ್ನದ ಉಂಡೆ ‘ಶಿಒ ಮುಸುಬಿ’. ತೋಫು ಅಂಗಡಿಯಲ್ಲಿ ಆ ದಿನವೇ ಮಾಡಿದ ತೋಫು ಕೊಂಡು ಕೋಣೆಗೆ ತಂದು ಸೋಯಾ ಸಾಸ್ ಹಾಕಿ ತಿಂದು ನೋಡಿ. ಟೋಕಿಯೊದ ಅಡುಗೆಮನೆಗೆ ಅದಕ್ಕಿಂತ ಹತ್ತಿರದ ದಾರಿ ಸಸ್ಯಾಹಾರಿಗೆ ನನಗೆ ಗೊತ್ತಿಲ್ಲ.

ಚೀಟಿಯಲ್ಲಿ ‘ನಿಕು, ಸಕಾನಾ, ಕಾತ್ಸುಒ ದಾಶಿ ವಾ ತಾಬೆರಾರೆಮಾಸೆನ್’ ಎಂದು ಜಪಾನಿ ಅಕ್ಷರದಲ್ಲಿ ಬರೆಸಿರಿ. ಮಾಂಸ, ಮೀನು, ಮೀನಿನ ಸಾರು ತಿನ್ನಲಾರೆ ಎಂದು ಅದರ ಅರ್ಥ. ಇದನ್ನು ಊಟ ಕೇಳುವ ಮೊದಲೇ ತೋರಿಸಬೇಕು. ತಟ್ಟೆ ಬಂದ ಮೇಲೆ ತೋರಿಸಿದರೆ ಅಡುಗೆಯವರಿಗೆ ಅವಮಾನ, ನಿಮಗೆ ಉಪವಾಸ. ಅಲ್ಲಿನವರು ಎರಡು ಮುಂಗೈಗಳನ್ನು ಅಡ್ಡಹಾಕಿ ತೋರಿಸಿದರೆ ‘ಆಗುವುದಿಲ್ಲ’ ಎಂದು. ಹಲ್ಲಿನ ಸಂದಿಯಿಂದ ಉಸಿರು ಒಳಗೆಳೆದು ತಲೆ ಓರೆ ಮಾಡಿದರೂ ಅದೇ. ಮತ್ತೆ ಒತ್ತಾಯಿಸಬೇಡಿ, ನಮಸ್ಕರಿಸಿ ಹೊರಬನ್ನಿ.

ಅನ್ನ ಸಾರು ಬೇಕೇ ಬೇಕು ಎನಿಸಿದ ದಿನ ಎದೊಗಾವಾ ವಾರ್ಡಿನ ನಿಶಿ ಕಸಾಯ್‌ಗೆ ಹೋಗಿ. ಭಾರತೀಯ ಕುಟುಂಬಗಳು ಬಹಳ ಸಂಖ್ಯೆಯಲ್ಲಿರುವ ಬಡಾವಣೆ ಅದು, ದಕ್ಷಿಣದವರೂ ಇದ್ದಾರೆ. ಬೇಳೆ, ಮಸಾಲೆ ಎಲ್ಲ ಸಿಗುತ್ತವೆ. ಅಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರು ಯಾರಾದರೂ ಪರಿಚಯವಿದ್ದರೆ ಒಂದು ಮಧ್ಯಾಹ್ನ ಮಾತನಾಡಿಸಿ. ಕಸ ವಿಂಗಡಣೆ, ಶಾಲೆ, ನೆರೆಹೊರೆ ಕುರಿತು ಅವರು ಹೇಳುವಷ್ಟು ಯಾವ ಪ್ರವಾಸ ಪುಸ್ತಕವೂ ಹೇಳುವುದಿಲ್ಲ.

## ಹಂತ 5: ಸೆಂಟೊ

ಈ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ನೆರೆಹೊರೆಯ ಮುದುಕರು, ಅಂಗಡಿಯವರು, ಕೂಲಿ ಮುಗಿಸಿ ಬಂದವರು, ಶಾಲೆಯ ಹುಡುಗರು, ಎಲ್ಲರೂ ಒಂದೇ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತಿರುವ ಜಾಗ. ಟೋಕಿಯೊದಲ್ಲಿ ಇದರ ದರವನ್ನು ಸರಕಾರವೇ ನಿಗದಿ ಮಾಡುತ್ತದೆ. 2024ರ ಆಗಸ್ಟ್‌ನಲ್ಲಿ ವಯಸ್ಕರಿಗೆ 550 ಯೆನ್ ಆಯಿತು. ಸೌನಾಗೆ ಬೇರೆ ಹಣ.

ಬೆತ್ತಲೆ ಸ್ನಾನದ ಸಂಕೋಚ ನಮಗೆ ಸಹಜ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕಡೆ ಎನ್ನುವುದನ್ನು ಮೊದಲು ತಿಳಿಯಿರಿ. ಈಜುಡುಪು, ಒಳಉಡುಪು ನಡೆಯುವುದಿಲ್ಲ. ಚಿಕ್ಕ ಟವೆಲನ್ನು ಮುಂದೆ ಹಿಡಿದುಕೊಂಡು ನಡೆಯುವುದು ವಾಡಿಕೆ. ಯಾರೂ ಯಾರನ್ನೂ ನೋಡುವುದಿಲ್ಲ. ಐದು ನಿಮಿಷದಲ್ಲಿ ಸಂಕೋಚ ಹೋಗುತ್ತದೆ ಎಂದು ಭರವಸೆ ಕೊಡಬಲ್ಲೆ.

ಕ್ರಮ ಹೀಗೆ:

1. ಬಾಗಿಲಲ್ಲೇ ಚಪ್ಪಲಿ ಬಿಚ್ಚಿ ಸಣ್ಣ ಪೆಟ್ಟಿಗೆಯಲ್ಲಿಡಿ. ಬೀಗದ ಕೈ ಹಳೆಯ ಕಡೆಗಳಲ್ಲಿ ಒಂದು ಚಪ್ಪಟೆ ಮರದ ತುಂಡು. ಅದನ್ನು ಎಳೆದರೆ ಬೀಗ ಬೀಳುತ್ತದೆ. ಜೋಪಾನ ಮಾಡಿ.

2. ಎದುರಿನ ಕಟ್ಟೆಯಲ್ಲಿ ಹಣ ಕೊಡಿ. ಟವೆಲ್, ಸೋಪು ಇಲ್ಲದವರು ‘ತೆಬುರಾ ಸೆಟ್ಟೊ’ ಕೇಳಬಹುದು, ಅಂದರೆ ಬರಿಗೈಯಲ್ಲಿ ಬಂದವರಿಗೆ ಕೊಡುವ ಕಟ್ಟು. ಎಲ್ಲ ಕಡೆ ಇರುವುದಿಲ್ಲ.

3. ಮುಂದೆ ಎರಡು ಪರದೆಗಳು. ಸಾಮಾನ್ಯವಾಗಿ ನೀಲಿ ಗಂಡಸರದ್ದು, ಕೆಂಪು ಹೆಂಗಸರದ್ದು. ಆದರೆ ಬಣ್ಣವನ್ನೇ ನಂಬಬೇಡಿ, ಅಕ್ಷರ ನೋಡಿ. ಅಕ್ಷರದ ಮೇಲ್ಭಾಗದಲ್ಲಿ ನಾಲ್ಕು ಗಾಜಿನ ಕಿಟಕಿಯಂಥ ಚೌಕವಿದ್ದರೆ ಗಂಡಸರದ್ದು. ಚೌಕವಿಲ್ಲದೆ ಗೆರೆಗಳು ಒಂದನ್ನೊಂದು ದಾಟಿದ್ದರೆ ಹೆಂಗಸರದ್ದು. ಅನುಮಾನವಿದ್ದರೆ ಬೆರಳು ತೋರಿಸಿ ಕಟ್ಟೆಯಲ್ಲಿದ್ದವರನ್ನು ಕೇಳಿ. ಏಳು ವರ್ಷ ತುಂಬಿದ ಮಕ್ಕಳನ್ನು ಎದುರು ಲಿಂಗದವರ ಕಡೆ ಕರೆದೊಯ್ಯುವಂತಿಲ್ಲ.

4. ಬಟ್ಟೆ ಬದಲಿಸುವ ಕೋಣೆಯಲ್ಲಿ ಫೋನನ್ನು ಚೀಲದಿಂದ ತೆಗೆಯಲೇಬೇಡಿ. ಕ್ಯಾಮೆರಾ ಇರುವ ವಸ್ತುವನ್ನು ಅಲ್ಲಿ ಕೈಯಲ್ಲಿ ಹಿಡಿಯುವುದನ್ನೇ ದೊಡ್ಡ ತಪ್ಪೆಂದು ಕಾಣುತ್ತಾರೆ.

5. ಒಳಗೆ ಹೋದ ಕೂಡಲೇ ತೊಟ್ಟಿಗೆ ಇಳಿಯಬೇಡಿ. ಒಂದು ಪುಟ್ಟ ಸ್ಟೂಲು, ಒಂದು ಬಕೆಟ್ ಎತ್ತಿಕೊಂಡು ನಲ್ಲಿಯ ಮುಂದೆ ಕುಳಿತು ಸೋಪು ಹಚ್ಚಿ ಪೂರ್ತಿ ಸ್ನಾನ ಮಾಡಿ. ನಿಂತು ಮೀಯಬೇಡಿ, ನೀರು ಪಕ್ಕದವರಿಗೆ ಹಾರುತ್ತದೆ. ಮೈಮೇಲೆ ನೊರೆಯ ಸುಳಿವೂ ಇರಬಾರದು. ವಿದೇಶಿಯರ ಮೇಲೆ ಕೇಳಿಬರುವ ದೂರುಗಳಲ್ಲಿ ಇದೂ ಒಂದು.

6. ಉದ್ದ ಕೂದಲಿದ್ದರೆ ಮೇಲೆ ಕಟ್ಟಿ. ಟವೆಲನ್ನು ನೀರಿಗೆ ಅದ್ದಬೇಡಿ, ಮಡಿಸಿ ತಲೆಯ ಮೇಲಿಡಿ ಅಥವಾ ಅಂಚಿನಲ್ಲಿಡಿ. ನಿಧಾನವಾಗಿ ಇಳಿಯಿರಿ. ನೀರು 42 ಡಿಗ್ರಿಯ ಆಸುಪಾಸು, ಕೆಲವು ಕಡೆ ಇನ್ನೂ ಬಿಸಿ. ಮೊದಲ ಸಲ ಮೂರು ನಿಮಿಷ ಸಾಕು. ಎದ್ದು ತಣಿದು ಮತ್ತೆ ಇಳಿಯಿರಿ. ಬಿಸಿಯಾಯಿತೆಂದು ತಣ್ಣೀರಿನ ನಲ್ಲಿ ತಿರುಗಿಸುವುದು ನಿಮ್ಮ ಕೆಲಸವಲ್ಲ.

7. ಹೊರಡುವ ಮುನ್ನ ಸ್ಟೂಲು, ಬಕೆಟ್ ತೊಳೆದು ಇದ್ದಲ್ಲಿಯೇ ಇಡಿ. ಹಿಂಡಿದ ಟವೆಲಿನಿಂದ ಮೈ ಒರೆಸಿಕೊಂಡು ಆಮೇಲೆ ಬಟ್ಟೆ ಕೋಣೆಗೆ ಕಾಲಿಡಿ. ಒದ್ದೆ ಹೆಜ್ಜೆ ಮೂಡಿಸುವುದನ್ನು ಜನ ಗಮನಿಸುತ್ತಾರೆ.

ಅಪಾಯದ ಸೂಚನೆಗಳು: ತಲೆ ಹಗುರವಾದರೆ, ಎದೆಬಡಿತ ಕಿವಿಗೆ ಕೇಳಿಸಿದರೆ ತಕ್ಷಣ ಅಂಚು ಹಿಡಿದು ಎದ್ದು ಕುಳಿತುಕೊಳ್ಳಿ. ಕುಡಿದು ಬರಬೇಡಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಕೆಲವು ಸೆಂಟೊಗಳಲ್ಲಿ ‘ದೆಂಕಿಬುರೊ’ ಎಂಬ ತೊಟ್ಟಿಯಿದೆ. ಅದರ ನೀರಿನಲ್ಲಿ ಸಣ್ಣ ವಿದ್ಯುತ್ ಹರಿಸುತ್ತಾರೆ, ಮೈ ಜುಮ್ಮೆನ್ನುತ್ತದೆ. ಪೇಸ್‌ಮೇಕರ್ ಇರುವವರು ಅದರ ಹತ್ತಿರ ಹೋಗಲೇಬಾರದು. ಮುಟ್ಟಿನ ದಿನಗಳಲ್ಲಿ ಹಂಚಿಕೊಳ್ಳುವ ನೀರಿಗೆ ಇಳಿಯುವುದಿಲ್ಲ. ಹಚ್ಚೆಯ ವಿಷಯಕ್ಕೆ ಹೆದರಬೇಕಿಲ್ಲ. ಬಿಸಿನೀರಿನ ಬುಗ್ಗೆಗಳ ರೆಸಾರ್ಟುಗಳಲ್ಲಿ ತಡೆಯುವುದುಂಟು, ಬಡಾವಣೆಯ ಸೆಂಟೊಗಳಲ್ಲಿ ಬಹುತೇಕ ತಡೆಯುವುದಿಲ್ಲ.

ಸ್ನಾನ ಮುಗಿಸಿದ ಕೂಡಲೇ ಓಡಬೇಡಿ. ಹೊರಗಿನ ಬೆಂಚಿನಲ್ಲಿ ಗಾಜಿನ ಬಾಟಲಿಯ ಹಾಲನ್ನೋ ಕಾಫಿ ಬೆರೆಸಿದ ಹಾಲನ್ನೋ ಕುಡಿಯುತ್ತಾ ಕುಳಿತುಕೊಳ್ಳಿ. ಮಾತು ಹುಟ್ಟುವುದಿದ್ದರೆ ಅಲ್ಲಿಯೇ. ತೆರೆಯುವ ಹೊತ್ತಿಗೆ ಸರಿಯಾಗಿ ಹೋದರೆ ಬಾಗಿಲಲ್ಲಿ ಹಿರಿಯರ ಸಾಲು ಇರುತ್ತದೆ, ದಿನದ ಮೊದಲ ನೀರು ಅವರಿಗೆ ಪ್ರಿಯ. ಡಿಸೆಂಬರ್ ಉತ್ತರಾರ್ಧದ ಅಯನ ಸಂಕ್ರಾಂತಿಯಂದು ನೀರಿನಲ್ಲಿ ‘ಯುಜು’ ಹಣ್ಣುಗಳನ್ನು ತೇಲಿಬಿಡುತ್ತಾರೆ, ಮೇ 5ರಂದು ‘ಶೋಬು’ ಎಲೆಗಳನ್ನು. ಆ ದಿನಗಳಲ್ಲಿ ಊರಿನಲ್ಲಿದ್ದರೆ ತಪ್ಪಿಸಿಕೊಳ್ಳಬೇಡಿ.

## ಹಂತ 6: ಟ್ರಾಮಿನಲ್ಲಿ ಅರ್ಧ ದಿನ

ನಡುವೆ ಒಂದು ದಿನ ಬಡಾವಣೆಯಿಂದ ಆಚೆ ಹೋಗಬೇಕೆನಿಸಿದರೆ ತೋದೆನ್ ಅರಕಾವಾ ಹತ್ತಿ. ಮಿನೊವಾಬಾಶಿಯಿಂದ ವಾಸೆದಾವರೆಗೆ 12.2 ಕಿಲೊಮೀಟರ್, 30 ನಿಲುಗಡೆ. ಮುಂಬಾಗಿಲಲ್ಲಿ ಹತ್ತುವಾಗಲೇ ಹಣ, ಇಳಿಯುವುದು ಹಿಂದಿನ ಬಾಗಿಲಿನಿಂದ. ಎಲ್ಲಿಗೆ ಹೋದರೂ ಒಂದೇ ದರ. ಹಳಿಗಳು ಮನೆಗಳ ಹಿತ್ತಿಲಿಗೆ ಎಷ್ಟು ಹತ್ತಿರವೆಂದರೆ ಒಣಹಾಕಿದ ಬಟ್ಟೆಯ ಬಣ್ಣ ಕಾಣಿಸುತ್ತದೆ.

ಕೋಶಿನ್‌ಜುಕಾದಲ್ಲಿ ಇಳಿದರೆ ಸುಗಾಮೊದ ಜಿಜೊ ಬೀದಿ ಶುರು. ಹಿರಿಯ ಹೆಂಗಸರ ಪೇಟೆಯೆಂದೇ ಅದಕ್ಕೆ ಹೆಸರು. ತಿಂಗಳಿನ 4, 14, 24ನೆಯ ತಾರೀಖು ಜಾತ್ರೆಯಿರುತ್ತದೆ, ಸಾಧ್ಯವಾದರೆ ಆ ದಿನವೇ ಹೋಗಿ. ಅಲ್ಲಿನ ಕೋಗಾನ್‌ಜಿ ದೇಗುಲದ ಅಂಗಳದಲ್ಲಿ ಕರುಣೆಯ ಬೋಧಿಸತ್ವ ಕನ್ನೊನ್‌ನ ಕಲ್ಲಿನ ಮೂರ್ತಿಯಿದೆ. ಜನ ಸಾಲಿನಲ್ಲಿ ನಿಂತು, ನೀರೆರೆದು, ತಮಗೆ ಮೈಯಲ್ಲಿ ಎಲ್ಲಿ ನೋವಿದೆಯೋ ಮೂರ್ತಿಯ ಅದೇ ಭಾಗವನ್ನು ಬಿಳಿ ಬಟ್ಟೆಯಿಂದ ಒರೆಸುತ್ತಾರೆ. ಮಂಡಿಯನ್ನು ಒರೆಸುವವರು ಎಷ್ಟು ಮಂದಿ ಎಂದು ಗಮನಿಸಿ. ನೀವೂ ಸಾಲಿನಲ್ಲಿ ನಿಲ್ಲಬಹುದು, ಬಟ್ಟೆ ಅಲ್ಲಿಯೇ ಸಿಗುತ್ತದೆ. ಒರೆಸುತ್ತಿರುವವರ ಮುಖದ ಫೋಟೊ ಮಾತ್ರ ಬೇಡ. ಬೀದಿಯಲ್ಲಿ ‘ಶಿಒ ದಾಯಿಫುಕು’ ಕೊಳ್ಳಿ, ಉಪ್ಪು ಸಿಹಿ ಎರಡೂ ಇರುವ ಹೂರಣ.

ಮಿನೊವಾಬಾಶಿ ತುದಿಯಲ್ಲಿ ‘ಜಾಯ್‌ಫುಲ್ ಮಿನೊವಾ’ ಎಂಬ ಚಾವಣಿ ಹೊದಿಸಿದ ಅಂಗಡಿಬೀದಿಯಿದೆ. ಮಳೆಯ ದಿನಕ್ಕೆ ಅದನ್ನು ಕಾದಿರಿಸಿಕೊಳ್ಳಿ.

ಟ್ರಾಮಿನಲ್ಲಿ, ರೈಲಿನಲ್ಲಿ ಫೋನ್ ಮಾತು ಬೇಡ. ಗುಂಪಾಗಿ ಹೋದರೆ ದನಿ ಇಳಿಸಿ. ಸುತ್ತಲಿನವರು ನಿಮ್ಮಿಂದ ಒಂದೊಂದು ಹೆಜ್ಜೆ ದೂರ ಸರಿಯುತ್ತಿದ್ದರೆ ನಿಮ್ಮ ದನಿ ಹೆಚ್ಚಾಗಿದೆ ಎಂದೇ ತಿಳಿಯಿರಿ. ಬಾಯಿಬಿಟ್ಟು ಹೇಳುವವರು ಅಪರೂಪ.

## ಹಂತ 7: ಹಬ್ಬವಿದ್ದರೆ ವೃತ್ತದೊಳಗೆ ಸೇರಿ

ಜುಲೈ, ಆಗಸ್ಟ್ ತಿಂಗಳ ವಾರಾಂತ್ಯಗಳಲ್ಲಿ ಬಡಾವಣೆಗಳ ಮೈದಾನಗಳಲ್ಲಿ ‘ಬೊನ್ ಒದೊರಿ’ ನೃತ್ಯ ನಡೆಯುತ್ತದೆ. ಎರಡನೆಯ ಹಂತದಲ್ಲಿ ಫೋಟೊ ತೆಗೆದ ಸೂಚನಾ ಫಲಕದಲ್ಲಿ ದಿನಾಂಕ ಇರುತ್ತದೆ. ನಡುವೆ ಮರದ ಅಟ್ಟಣಿಗೆ, ಮೇಲೆ ಡೋಲು, ಸುತ್ತ ಜನ. ಇದು ನೋಡುವ ಕಾರ್ಯಕ್ರಮವಲ್ಲ, ಸೇರುವ ಕಾರ್ಯಕ್ರಮ. ಪೂರ್ವಿಕರ ನೆನಪಿನ ಹಬ್ಬವಾದರೂ ಸಡಗರಕ್ಕೆ ಕೊರತೆಯಿಲ್ಲ.

ಒಂದು ಹಾಡು ಮುಗಿಯುವವರೆಗೆ ಹೊರಗೆ ನಿಂತು ಒಳವೃತ್ತದಲ್ಲಿ ಕುಣಿಯುವ ನುರಿತವರನ್ನು ನೋಡಿ. ಒಂದೇ ಸರಣಿಯ ಹೆಜ್ಜೆಗಳು ಮತ್ತೆ ಮತ್ತೆ ಬರುತ್ತವೆ. ಎರಡನೆಯ ಹಾಡಿಗೆ ಹೊರವೃತ್ತದಲ್ಲಿ ಸೇರಿ, ಚೆನ್ನಾಗಿ ಬಲ್ಲ ಒಬ್ಬರ ಹಿಂದೆ ನಿಲ್ಲಿ. ತಪ್ಪಿದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ನಡುವೆ ನಿಂತು ವಿಡಿಯೊ ಮಾಡಿದರೆ ಇಡೀ ವೃತ್ತಕ್ಕೇ ತಡೆಯಾಗುತ್ತದೆ.

ದೇವರ ಪಲ್ಲಕ್ಕಿ ‘ಮಿಕೊಶಿ’ ಹೊರುವ ಹಬ್ಬಗಳಲ್ಲಿ ರೀತಿ ಬೇರೆ. ಹೊರುವವರು ಆಯಾ ಬಡಾವಣೆಯ ಅಂಗಿ ತೊಟ್ಟಿರುತ್ತಾರೆ. ಕರೆಯದೆ ಹೆಗಲು ಕೊಡಲು ಹೋಗಬೇಡಿ, ಪಲ್ಲಕ್ಕಿಯನ್ನು ಮುಟ್ಟಬೇಡಿ, ಮಹಡಿಯ ಮೇಲಿಂದ ಇಣುಕಿ ನೋಡಬೇಡಿ. ಬೀದಿಯ ಬದಿಯಲ್ಲಿ ನಿಂತು ನೋಡಿ.

## ದಾರಿ ತಪ್ಪಿದ್ದೀರಿ ಎಂದು ತಿಳಿಯುವುದು ಹೇಗೆ

ಬಾಗಿಲಲ್ಲಿ ನಿಂತವರು ಇಂಗ್ಲಿಷಿನಲ್ಲಿ ಕೂಗಿ ಕರೆದರೆ ಹೋಗಬೇಡಿ. ಕಾಬುಕಿಚೊ, ರೊಪ್ಪೊಂಗಿಯಂಥ ಬಾರುಗಳ ಬಡಾವಣೆಗಳಲ್ಲಿ ಹೀಗೆ ಕರೆದವರ ಹಿಂದೆ ಹೋಗಿ ಭಾರೀ ಬಿಲ್ ತೆತ್ತವರಿದ್ದಾರೆ. ಅದಕ್ಕೂ ‘ಇಜಾಕಾಯಾ’ (ಮದ್ಯದ ಜೊತೆ ತಿನಿಸು ಕೊಡುವ ಅಂಗಡಿ)ಗಳಲ್ಲಿ ಕೇಳದೆಯೇ ಬರುವ ಪುಟ್ಟ ಬಟ್ಟಲಿಗೂ ವ್ಯತ್ಯಾಸವಿದೆ. ಆ ಬಟ್ಟಲು ‘ಒತೋಶಿ’, ಕುಳಿತ ಜಾಗದ ಶುಲ್ಕವಿದ್ದಂತೆ, ಕೆಲವು ನೂರು ಯೆನ್. ಅದು ಮೋಸವಲ್ಲ, ಜಗಳ ಮಾಡಬೇಡಿ. ಅದರಲ್ಲಿ ಮೀನು ಇರುವ ಸಾಧ್ಯತೆಯಂತೂ ಇದೆ.

ಮನೆಯನ್ನೇ ಬಾಡಿಗೆಗೆ ಹಿಡಿದಿದ್ದರೆ ಕಸದ ನಿಯಮವನ್ನು ಮೊದಲ ರಾತ್ರಿಯೇ ಓದಿ. ಸುಡುವ ಕಸಕ್ಕೆ ಒಂದು ದಿನ, ಬಾಟಲಿ ಡಬ್ಬಿಗಳಿಗೆ ಇನ್ನೊಂದು ದಿನ, ಅದೂ ಬೆಳಿಗ್ಗೆ ಎಂಟರೊಳಗೆ. ಚೀಲದ ಮೇಲೆ ಕಾಗೆ ಕೆದಕದಂತೆ ಹಾಸಿದ ಬಲೆಯನ್ನು ಮತ್ತೆ ಮುಚ್ಚಬೇಕು. ತಪ್ಪು ದಿನ ಇಟ್ಟ ಚೀಲಕ್ಕೆ ಚೀಟಿ ಅಂಟಿಸಿ ಅಲ್ಲಿಯೇ ಬಿಟ್ಟು ಹೋಗುತ್ತಾರೆ. ಹಾಗೆ ಉಳಿದ ಚೀಲ ಯಾರದ್ದೆಂದು ಇಡೀ ಬೀದಿಗೆ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಸಾಮಾನ್ಯ ತಪ್ಪು ಚಡಪಡಿಕೆ. ಎರಡನೆಯ ದಿನವೇ ‘ಇಲ್ಲಿ ಏನೂ ನಡೆಯುತ್ತಿಲ್ಲ’ ಎನಿಸಿ ಬೇರೆ ಬಡಾವಣೆಗೆ ಹೊರಡುತ್ತಾರೆ. ಹಾಗೆ ಮಾಡಬೇಡಿ. ಅದೇ ಕಾಫಿಮನೆಯ ಅದೇ ಕುರ್ಚಿಗೆ, ಅದೇ ತೋಫು ಅಂಗಡಿಗೆ, ಅದೇ ಸೆಂಟೊಗೆ ಅದೇ ಹೊತ್ತಿನಲ್ಲಿ ಹೋಗಿ. ಮೂರನೆಯ ಸಲ ಅಂಗಡಿಯವರು ನೀವು ಕೇಳುವ ಮೊದಲೇ ವಸ್ತುವಿನತ್ತ ಕೈ ಚಾಚುತ್ತಾರೆ.

ದಿನಗಳನ್ನು ಗೊತ್ತು ಮಾಡುವಾಗ ಎರಡು ಅವಧಿಗಳನ್ನು ನೋಡಿಕೊಳ್ಳಿ. ಆಗಸ್ಟ್ ನಡುವಿನ ಒಬೊನ್ ವಾರದಲ್ಲಿ (ಪೂರ್ವಿಕರ ನೆನಪಿನ ಹಬ್ಬ) ಮತ್ತು ಡಿಸೆಂಬರ್ ಕೊನೆಯಿಂದ ಜನವರಿ 3ರವರೆಗೆ ಸಣ್ಣ ಅಂಗಡಿಗಳು ಬಾಗಿಲು ಹಾಕಿ ಜನ ಊರುಗಳಿಗೆ ಹೋಗುತ್ತಾರೆ. ಹೊಸ ವರ್ಷಕ್ಕೇ ಅಲ್ಲಿದ್ದರೆ ಜನವರಿ 2ರ ಬೆಳಿಗ್ಗೆ ನಿಮ್ಮ ಸೆಂಟೊ ತೆರೆಯುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ವರ್ಷದ ಮೊದಲ ಸ್ನಾನಕ್ಕೆಂದು ಆ ದಿನ ಬೆಳಿಗ್ಗೆಯೇ ನೀರು ಕಾಯಿಸುವ ಕಡೆಗಳಿವೆ, ಬಡಾವಣೆಯ ಹಳಬರೆಲ್ಲ ಬರುತ್ತಾರೆ.